ಮೈಸೂರಿನಲ್ಲಿ ಪೋಕರ್ ಮೇಜು ನಡೆಸಿದ ನನ್ನ ಅನುಭವ: ಎದುರುಬದುರು ಕೂತು ಆಡುವವರು ಏಕೆ ಕಡಿಮೆಯಾದರು

ಎದುರುಬದುರು ಕೂತು ಆಡುವ ಪೋಕರ್ ಎಂಬ ಇಸ್ಪೀಟಾಟ ಕಳೆಗುಂದುತ್ತಿದೆಯೇ ಎಂದು ಕೇಳುವವರಿಗೆ ನಾನು ಎರಡು ಉತ್ತರ ಕೊಡುತ್ತೇನೆ. ಲಾಸ್ ವೇಗಸ್ ಕಡೆ ನೋಡಿದರೆ ಇಲ್ಲ, ಮೈಸೂರಿನ ಕಡೆ ನೋಡಿದರೆ ಹೌದು. ಅಲ್ಲಿ ಪ್ರತಿ ವರ್ಷ ನಡೆಯುವ ವರ್ಲ್ಡ್ ಸೀರೀಸ್ ಆಫ್ ಪೋಕರ್ ಸರಣಿಯ ಮುಖ್ಯ ಸ್ಪರ್ಧೆಯಲ್ಲಿ 2003ರಲ್ಲಿ 839 ಮಂದಿ ಆಡಿದ್ದರು. 2006ರಲ್ಲಿ ಆ ಸಂಖ್ಯೆ 8,773ಕ್ಕೆ ಏರಿತು, ಬಹಳ ವರ್ಷ ಅದನ್ನು ದಾಟಲು ಆಗಲಿಲ್ಲ. ಆದರೆ 2023ರಲ್ಲಿ 10,043 ಮಂದಿ, 2024ರಲ್ಲಿ 10,112 ಮಂದಿ ತಲಾ ಹತ್ತು ಸಾವಿರ ಡಾಲರ್ ಕಟ್ಟಿ ಅದೇ ಸ್ಪರ್ಧೆಗೆ ಕೂತರು. 2024ರ ಸರಣಿಯಲ್ಲೇ, ಎರಡೂವರೆ ಲಕ್ಷ ಡಾಲರ್ ಪ್ರವೇಶ ಶುಲ್ಕದ ಪಂದ್ಯವನ್ನು ಭಾರತದ ಸಂತೋಷ್ ಸುವರ್ಣ ಗೆದ್ದರು. ಇಷ್ಟನ್ನು ನೋಡಿದವರು ಆಟ ಸಾಯುತ್ತಿದೆ ಎನ್ನಲಾರರು. ನಾನು ಹೇಳಹೊರಟಿರುವುದು ಇನ್ನೊಂದು ಮೇಜಿನ ವಿಷಯ: ಎಂಟು ಕುರ್ಚಿ, ಎಲೆ ಹಂಚುವ ಒಬ್ಬ ಡೀಲರ್, ಸಂಜೆ ಆರರ ಮೇಲೆ ಬಂದು ಸೇರುವ ಪರಿಚಿತ ಮುಖಗಳು. ಸಣ್ಣ ಊರುಗಳಲ್ಲಿ ಪೋಕರ್ ಎಂದರೆ ಇಷ್ಟೇ, ಮತ್ತು ಕರಗುತ್ತಿರುವುದು ಇದೇ.

ಗೋವಾದ ಮಾಂಡೋವಿ ನದಿಯ ಮೇಲಿನ ಕ್ಯಾಸಿನೊ ಹಡಗಿನಲ್ಲಿ ನಾನು ಡೀಲರ್ ಕೆಲಸ ಕಲಿತೆ. ಊರಿಗೆ ಮರಳಿದ ಮೇಲೆ ಮೈಸೂರಿನ ಒಂದು ರಿಕ್ರಿಯೇಷನ್ ಕ್ಲಬ್ಬಿನ ಕಾರ್ಡ್ಸ್ ರೂಮಿನ ಉಸ್ತುವಾರಿ ನನಗೆ ಸಿಕ್ಕಿತು. ಅಲ್ಲಿ ರಮ್ಮಿ ಮೊದಲಿನಿಂದಲೂ ಇತ್ತು. ಕೌಶಲದ ಆಟವಾಗಿ ಆಡುವುದಾದರೆ ಪೋಕರ್‌ಗೆ ಮನರಂಜನಾ ಕ್ಲಬ್ಬುಗಳು ಪ್ರತ್ಯೇಕ ಪರವಾನಗಿ ಪಡೆಯಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದ್ದರಿಂದ, ರಮ್ಮಿ ಮೇಜುಗಳ ಪಕ್ಕದಲ್ಲಿ ಒಂದು ಪೋಕರ್ ಮೇಜು ಹಾಕಲು ಆಡಳಿತ ಮಂಡಳಿಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಇಸ್ಪೀಟೆಲೆ ಈ ಸೀಮೆಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಗಂಜೀಫಾ ಎಲೆಗಳಿಗೆ ಹೊಸ ಹೊಸ ಆಟಗಳು ಹುಟ್ಟಿದ ಊರಿದು. ಮಂಡ್ಯದ ಹಳ್ಳಿಗಳಲ್ಲಿ ಯುಗಾದಿ ಬಂತೆಂದರೆ ಅರಳಿಕಟ್ಟೆಯ ಮೇಲೂ ಎಲೆ ಬೀಳುತ್ತದೆ.

ಡೀಲರ್ ಕೆಲಸ ಹೊರಗಿನಿಂದ ಸುಲಭವಾಗಿ ಕಾಣುತ್ತದೆ. ಎಲೆಗಳನ್ನು ಮೇಜಿನ ಮೇಲೆ ಮುಖ ಕೆಳಗಾಗಿ ಹರಡಿ ಎರಡೂ ಅಂಗೈಯಿಂದ ಕಲಸಬೇಕು. ಕಟ್ಟನ್ನು ಎರಡು ಭಾಗ ಮಾಡಿ ಒಂದರೊಳಗೊಂದು ಸೇರಿಸುವುದನ್ನು ಎರಡು ಬಾರಿ ಮಾಡಿ, ನಡುವೆ ಸಣ್ಣ ಸಣ್ಣ ಹಿಡಿಗಳಾಗಿ ಮೇಲಿನಿಂದ ಕೆಳಕ್ಕೆ ಇಳಿಸಿ, ಮತ್ತೊಮ್ಮೆ ಸೇರಿಸಿ, ಕೊನೆಗೆ ಒಂದೇ ಕೈಯಲ್ಲಿ ಪ್ಲಾಸ್ಟಿಕ್ ಕಟ್ ಕಾರ್ಡಿನ ಮೇಲೆ ಕತ್ತರಿಸಬೇಕು. ಆಗ ಕೆಳಗಿನ ಎಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರಿಗೂ ಸೇರಿದ ಎಲೆಗಳನ್ನು ಮೇಜಿನ ಮೇಲೆ ತೆರೆಯುವ ಮೂರು ಹಂತಗಳಾದ ಫ್ಲಾಪ್, ಟರ್ನ್, ರಿವರ್ ಪ್ರತಿಯೊಂದಕ್ಕೂ ಮೊದಲು ಒಂದು ಎಲೆಯನ್ನು ಪಕ್ಕಕ್ಕೆ ಸರಿಸಬೇಕು. ಪಾಟಿನ, ಅಂದರೆ ಪಣಕ್ಕೆ ಬಿದ್ದ ಒಟ್ಟು ಹಣದ, ಲೆಕ್ಕ ಬಾಯಲ್ಲಿರಬೇಕು, ಸರದಿ ಯಾರದು ಎಂಬುದು ಕಣ್ಣಲ್ಲಿರಬೇಕು. ಇದೆಲ್ಲ ಸರಾಗವಾಗಿ ನಡೆದರೆ ಗಂಟೆಗೆ ಇಪ್ಪತ್ತೈದರಿಂದ ಮೂವತ್ತು ಕೈ, ಅಂದರೆ ಎಲೆ ಹಂಚುವುದರಿಂದ ಪಾಟು ಗೆಲ್ಲುವವರೆಗಿನ ಸುತ್ತು, ಆಡಬಹುದು. ಮೊಬೈಲ್ ಆ್ಯಪ್‌ನಲ್ಲಿ ಒಂದೇ ಮೇಜಿನಲ್ಲಿ ಅದರ ಎರಡರಷ್ಟು ಕೈಗಳು ಮುಗಿಯುತ್ತಿದ್ದವು, ಮತ್ತು ಆಡುವವನು ಏಕಕಾಲಕ್ಕೆ ಎರಡು ಮೂರು ಮೇಜು ತೆರೆದಿಟ್ಟಿರುತ್ತಿದ್ದ. ಆ ವೇಗಕ್ಕೆ ಒಗ್ಗಿದ ಹುಡುಗರು ನಮ್ಮ ಮೇಜಿಗೆ ಬಂದು ಎರಡನೆಯ ಗಂಟೆಯಲ್ಲೇ ಆಕಳಿಸುವುದನ್ನು ನಾನು ಎದುರಿಗೆ ಕೂತು ನೋಡಿದ್ದೇನೆ.

ಆದರೆ ವೇಗವೊಂದೇ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ. ಊರಿನ ಮೇಜು ನಿಂತಿರುವುದು ಗೆಲ್ಲುವವರ ಮೇಲಲ್ಲ, ಮಾತಿಗಾಗಿ ಬರುವವರ ಮೇಲೆ. ನಮ್ಮಲ್ಲಿಗೆ ನಿವೃತ್ತ ಎಂಜಿನಿಯರುಗಳು, ಅಂಗಡಿ ಮಾಲೀಕರು, ಮಂಡ್ಯದ ಕಡೆಯ ಕೃಷಿಕರು ಬರುತ್ತಿದ್ದರು. ತಾವು ಕಳೆದುಕೊಳ್ಳಬಹುದಾದ ಮೊತ್ತವನ್ನು ಮನೆಯಲ್ಲೇ ನಿರ್ಧರಿಸಿಕೊಂಡು ಬಂದು, ಕೆಟ್ಟ ಎಲೆ ಹಿಡಿದೇ ಎದುರಾಳಿಯನ್ನು ಬೆದರಿಸುವ ಒಂದು ಒಳ್ಳೆಯ ಬ್ಲಫ್ ದಕ್ಕಿದರೆ ವಾರವಿಡೀ ಹೇಳಿಕೊಂಡು ಸಂತೋಷಪಡುವವರು ಅವರು. 2015ರ ಆಚೆಗೆ, ಯಾವ ಸನ್ನಿವೇಶದಲ್ಲಿ ಹೇಗೆ ಆಡಬೇಕೆಂದು ಲೆಕ್ಕ ಹಾಕಿ ತೋರಿಸುವ ಸಾಲ್ವರ್ ತಂತ್ರಾಂಶಗಳು ಮನೆಯ ಕಂಪ್ಯೂಟರಿಗೆ ಬಂದವು. 2017ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಲಿಬ್ರಾಟಸ್ ಎಂಬ ಪ್ರೋಗ್ರಾಂ ನಾಲ್ವರು ವೃತ್ತಿಪರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಅದರ ಪರಿಣಾಮ ನಮ್ಮ ಮೇಜಿಗೂ ಇಳಿಯಿತು. ಓದಿಕೊಂಡು ಬಂದ ಆಟಗಾರರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಪ್ರತಿ ನಿರ್ಧಾರಕ್ಕೂ ಒಂದೊಂದು ನಿಮಿಷ ತೆಗೆದುಕೊಂಡು, ಕೈ ಮುಗಿದ ಮೇಲೂ ತುಟಿ ಬಿಚ್ಚದೆ ಆಡತೊಡಗಿದರು. ಹಿರಿಯ ಸದಸ್ಯರೊಬ್ಬರು ಒಂದು ಸಂಜೆ ಚಿಪ್ಸ್ (ಹಣದ ಬದಲಿಗೆ ಬಳಸುವ ಬಿಲ್ಲೆಗಳು) ವಾಪಸು ಕೊಡುತ್ತಾ, "ಪರೀಕ್ಷೆ ಬರೆಯೋಕೆ ಬಂದಂಗೆ ಕೂತಿರ್ತಾರಲ್ಲಪ್ಪ, ನಾನು ಯಾರ್ ಜೊತೆ ಮಾತಾಡ್ಲಿ?" ಎಂದರು. ಅವರು ಮುಂದೆ ರಮ್ಮಿ ಮೇಜಿಗೇ ಹೋದರು. ಅವರ ಹಿಂದೆ ಇನ್ನೂ ಕೆಲವರು ಹೋದರು. ಅವರು ಹೋದ ಮೇಲೆ ಓದಿಕೊಂಡು ಬಂದವರಿಗೆ ಎದುರಾಳಿಗಳೇ ಉಳಿಯಲಿಲ್ಲ.

ಅದಕ್ಕೆ ಸೇರಿಕೊಂಡದ್ದು ರಸ್ತೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ, ದೊಡ್ಡ ಮೊತ್ತಕ್ಕೆ ಆಡುವ ನಮ್ಮ ಖಾಯಂ ಆಟಗಾರರು ಸಂಜೆ ಹೊರಟು ಬೆಂಗಳೂರಿನ ಪೋಕರ್ ರೂಮುಗಳಲ್ಲಿ ಕೂತು ರಾತ್ರಿಯೇ ಮರಳಲು ಶುರುಮಾಡಿದರು. ಮಂಡ್ಯದವರಿಗಂತೂ ಎರಡೂ ಊರು ಹತ್ತಿರವಾದವು. ಎಂಟು ಕುರ್ಚಿಯ ಮೇಜಿನಿಂದ ಮೂವರು ಎದ್ದು ಹೋದರೆ ಉಳಿದ ಐವರು ಹೆಚ್ಚು ಹೊತ್ತು ಕೂರುವುದಿಲ್ಲ. ಇದು ಪೋಕರ್ ಮೇಜು ನಡೆಸಿದ ಯಾರಿಗೂ ಗೊತ್ತಿರುವ ಸಂಗತಿ.

ಕಾನೂನಿನ ಅನಿಶ್ಚಿತತೆಯಿಂದ ಆದ ಹಾನಿ ಬೇರೆ ಬಗೆಯದು. 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಕೌಶಲದ ಆಟಗಳ ಮೇಲಿನ ಪಣವನ್ನೂ ಅಪರಾಧದ ವ್ಯಾಪ್ತಿಗೆ ತಂದಿತು. ಲಾಟರಿ ಮತ್ತು ಕುದುರೆ ಪಂದ್ಯಗಳಿಗೆ ಮಾತ್ರ ವಿನಾಯಿತಿ ಇತ್ತು. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿಗೆ ಅನ್ವಯಿಸದ ನಿಷೇಧ ನಮ್ಮ ಕಾರ್ಡ್ಸ್ ರೂಮಿಗೆ ಅನ್ವಯಿಸುವುದು ನನಗೆ ಆಗಲೂ ಸರಿಯೆನಿಸಲಿಲ್ಲ, ಈಗಲೂ ಅನಿಸುವುದಿಲ್ಲ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಆದರೆ ಮರ್ಯಾದಸ್ಥರಾಗಿ ಬದುಕಿದ ಸರ್ಕಾರಿ ನಿವೃತ್ತರೊಬ್ಬರಿಗೆ, ಪೊಲೀಸರು ಬರಬಹುದೆಂಬ ಭಯ ಒಮ್ಮೆ ಹೊಕ್ಕ ಮೇಲೆ ತೀರ್ಪಿನ ಪ್ರತಿ ತೋರಿಸಿದರೂ ಅದು ಹೋಗುವುದಿಲ್ಲ. ನಮ್ಮ ಮೇಜು ಆ ತಿಂಗಳುಗಳಲ್ಲಿ ಕಳೆದುಕೊಂಡವರಲ್ಲಿ ಬಹುತೇಕರು ಮರಳಲಿಲ್ಲ. ತೆರಿಗೆಯ ಮಾತನ್ನು ಬೇಗ ಮುಗಿಸುತ್ತೇನೆ: ಗೆದ್ದ ಹಣಕ್ಕೆ ಶೇ. 30 ಆದಾಯ ತೆರಿಗೆ, ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಜೊತೆಗೆ, ಕ್ಯಾಸಿನೊಗಳಲ್ಲಿ ಖರೀದಿಸುವ ಚಿಪ್ಸಿನ ಪೂರ್ಣ ಮೌಲ್ಯದ ಮೇಲೆ 2023ರ ಅಕ್ಟೋಬರಿನಿಂದ ಶೇ. 28 ಇದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ. ವರ್ಷಕ್ಕೊಮ್ಮೆ ಗೋವಾಕ್ಕೆ ಹೋಗಿ ಆಡಿ ಬಂದು ಇಲ್ಲಿ ಉತ್ಸಾಹ ಹರಡುತ್ತಿದ್ದವರು ಅದನ್ನು ನಿಲ್ಲಿಸಿದರು.

ಇನ್ನು ನಾನು ಮಾಡಿದ ಬದಲಾವಣೆಗಳ ವಿಷಯ. ಮೊದಲು ಕೈಹಾಕಿದ್ದು ರೇಕ್‌ಗೆ, ಅಂದರೆ ಪ್ರತಿ ಪಾಟಿನಿಂದ ಆಟ ನಡೆಸುವ ಕ್ಲಬ್ಬು ತೆಗೆದುಕೊಳ್ಳುವ ಪಾಲಿಗೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಬೇಕಾದ ಪಣ) 25–50, ಒಬ್ಬೊಬ್ಬರು ಐದು ಸಾವಿರ ರೂಪಾಯಿ ಚಿಪ್ಸಿನೊಂದಿಗೆ ಕೂತ ಎಂಟು ಮಂದಿಯ ಮೇಜು ಎಂದಿಟ್ಟುಕೊಳ್ಳಿ. ಸರಾಸರಿ ಪಾಟು ಸಾವಿರ ರೂಪಾಯಿ, ರೇಕ್ ಶೇ. 5 ಎಂದರೆ ಒಂದು ಕೈಗೆ ಐವತ್ತು ರೂಪಾಯಿ. ಗಂಟೆಗೆ 28 ಕೈಯಂತೆ 1,400 ರೂಪಾಯಿ, ನಾಲ್ಕು ಗಂಟೆಗೆ 5,600 ರೂಪಾಯಿ. ಮೇಜಿನ ಮೇಲಿದ್ದ ನಲವತ್ತು ಸಾವಿರದಲ್ಲಿ ಶೇ. 14 ಭಾಗ ಒಂದೇ ಸಂಜೆಗೆ ಆಟಗಾರರ ಕೈಬಿಟ್ಟು ಹೋಗುತ್ತದೆ. ಹೀಗಾದರೆ ಚೆನ್ನಾಗಿ ಆಡುವವನೂ ತಿಂಗಳ ಕೊನೆಗೆ ಸೋತಿರುತ್ತಾನೆ, ಸುಮ್ಮನೆ ಬಂದವನು ಎರಡು ವಾರದಲ್ಲಿ ಬರುವುದನ್ನೇ ಬಿಡುತ್ತಾನೆ. ನಾನು ಅದನ್ನು ತೆಗೆದುಹಾಕಿ, ಅರ್ಧ ಗಂಟೆಗೆ ಐವತ್ತು ರೂಪಾಯಿಯ ಕುರ್ಚಿ ಶುಲ್ಕ ನಿಗದಿ ಮಾಡಿಸಿದೆ. ಮೇಜಿನಿಂದ ಹೋಗುವುದು ಗಂಟೆಗೆ 800 ರೂಪಾಯಿಗೆ ಇಳಿಯಿತು. ಇದಕ್ಕೆ ಕಾನೂನಿನ ಬಲವೂ ಇತ್ತು. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಷ್ಟು ಹಿಂದೆಯೇ, ಆಟಕ್ಕೆ ಮಿತವಾದ ಶುಲ್ಕ ಪಡೆಯುವುದು ತಪ್ಪಲ್ಲ, ಆದರೆ ಪಣದಿಂದ ಕ್ಲಬ್ಬು ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದು ಎಂಬ ಗೆರೆ ಎಳೆದಿದೆ. ಆಡಳಿತ ಮಂಡಳಿಯ ಮುಂದೆ ನಾನು ಇಟ್ಟದ್ದು ಇದೇ ವಾದ.

ಎರಡನೆಯದಾಗಿ, ಕೈಯಲ್ಲಿ ಎಲೆ ಇರುವಷ್ಟು ಹೊತ್ತು ಫೋನೂ ಹೆಡ್‌ಫೋನೂ ಮೇಜಿನ ಮೇಲೆ ಇರಕೂಡದೆಂಬ ನಿಯಮ ಮಾಡಿದೆ. ನಿರ್ಧಾರಕ್ಕೆ ಮೂವತ್ತು ಸೆಕೆಂಡಿನ ಮಿತಿ ಹಾಕಿದೆ. ಒಬ್ಬರು ಒಂದು ಸಂಜೆಗೆ ಎರಡು ಬಾರಿಗಿಂತ ಹೆಚ್ಚು ಚಿಪ್ಸ್ ಕೊಳ್ಳುವಂತಿಲ್ಲ ಎಂದೂ, ರಾತ್ರಿ ಹನ್ನೊಂದಕ್ಕೆ ಕಡೆಯ ಕೈ ಎಂದೂ ಗೋಡೆಗೆ ಬರೆಸಿ ಹಾಕಿದೆ. ಈ ಕೊನೆಯ ಎರಡರ ಬಗ್ಗೆ ಜಗಳಗಳಾದವು, ದೊಡ್ಡ ಮೊತ್ತದ ಇಬ್ಬರು ಕ್ಲಬ್ಬನ್ನೇ ಬಿಟ್ಟರು. ನಾನು ಸಡಿಲ ಬಿಡಲಿಲ್ಲ. ಕಬ್ಬಿನ ದುಡ್ಡು ಕೈಗೆ ಬಂದ ವಾರ ಸೋತದ್ದನ್ನು ಅದೇ ರಾತ್ರಿ ಹಿಂದಕ್ಕೆ ಪಡೆಯುವ ಹಟದಲ್ಲಿ ಕೂತ ರೈತನಿಗೆ ಮೂರನೆಯ ಬಾರಿ ಚಿಪ್ಸ್ ಎಣಿಸಿಕೊಡುವ ಕೆಲಸವನ್ನು ನನ್ನ ಕೈ ಮಾಡಬಾರದು ಎಂಬುದು ನನ್ನ ತೀರ್ಮಾನವಾಗಿತ್ತು. ಮನೆಯವರು ಬೈದು ನಿಲ್ಲಿಸಿದ ಆಟಗಾರ ಮತ್ತೆ ಬರುವುದಿಲ್ಲ, ಆ ಮನೆಯ ನೆರೆಹೊರೆಯವರೂ ಬರುವುದಿಲ್ಲ. ಸಣ್ಣ ಊರಿನಲ್ಲಿ ಮೇಜಿನ ಹೆಸರು ಕೆಟ್ಟರೆ ಮುಗಿಯಿತು.

ಇದರಿಂದ ಹಳೆಯ ಜನಸಂದಣಿ ಮರಳಿತೆಂದು ಹೇಳಲಾರೆ. ವಾರವಿಡೀ ನಡೆಯುತ್ತಿದ್ದ ಮೇಜು ಈಗ ಶುಕ್ರವಾರ ಮತ್ತು ಭಾನುವಾರ ಮಾತ್ರ ತುಂಬುತ್ತದೆ, ಆದರೆ ಆ ಎರಡು ದಿನ ಮಾತಿಗೆ ಕೊರತೆ ಇರುವುದಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ಮಾಡಿದ ಮೇಲೆ, ಆ್ಯಪ್ ಮುಚ್ಚಿದ್ದರಿಂದ ಕೆಲವು ಯುವಕರು ನಮ್ಮತ್ತ ಬಂದರು. ಲೆಕ್ಕಾಚಾರದಲ್ಲಿ ಅವರು ಗಟ್ಟಿಗರು, ಎದುರಿನವನ ಮುಖ ನೋಡುವ ಅಭ್ಯಾಸ ಮಾತ್ರ ಅವರಿಗಿಲ್ಲ. ಹಿರಿಯರ ಪಕ್ಕಕ್ಕೇ ಅವರನ್ನು ಕೂರಿಸುತ್ತೇನೆ. ಆನ್‌ಲೈನ್ ನಿಷೇಧದಿಂದ ಕ್ಲಬ್ಬಿನ ಮೇಜುಗಳು ತಾವಾಗಿ ಚಿಗುರುತ್ತವೆ ಎಂದು ನಂಬಿದವರಿದ್ದಾರೆ. ನನಗೆ ಆ ನಂಬಿಕೆಯಿಲ್ಲ, ಏಕೆಂದರೆ ಹೊಸಬರಿಗೆ ಆಟ ಕಲಿಸುತ್ತಿದ್ದದ್ದು, ಬಿಡುವಿನ ಹೊತ್ತಿನಲ್ಲಿ ಹತ್ತು ಇಪ್ಪತ್ತು ರೂಪಾಯಿಗೆ ಕೈ ಪಳಗಿಸುತ್ತಿದ್ದದ್ದು ಆ ಆ್ಯಪ್‌ಗಳೇ. ಆ ದಾರಿ ಮುಚ್ಚಿದ ಮೇಲೆ ಹೊಸಬರನ್ನು ತಯಾರು ಮಾಡುವ ಹೊಣೆ ಮೇಜು ನಡೆಸುವವರ ಮೇಲೆಯೇ ಬಿದ್ದಿದೆ.

ಮಂಡ್ಯದ ಗೆಳೆಯರು ಅಲ್ಲಿನ ಕ್ಲಬ್ಬೊಂದರಲ್ಲಿ ಇಂಥದ್ದೇ ಮೇಜು ಹಾಕಬೇಕೆಂದು ಕೇಳುತ್ತಿದ್ದಾರೆ. ಮೇಜು, ಚಿಪ್ಸ್, ಎಲೆ ಎಲ್ಲವೂ ದುಡ್ಡಿಗೆ ಸಿಗುತ್ತವೆ, ಮೊದಲು ಒಬ್ಬ ಡೀಲರನ್ನು ಕೊಡಿ ಎಂದು ಹೇಳಿದ್ದೆ. ಅವರು ಕಳಿಸಿದ ಹುಡುಗ ಮಂಗಳವಾರಗಳಂದು ಬಸ್ಸಿನಲ್ಲಿ ಬಂದು ಖಾಲಿ ಮೇಜಿನಲ್ಲಿ ನನ್ನೆದುರು ಕೂತು ಎಲೆ ಕಲಸುವುದನ್ನು ಕಲಿಯುತ್ತಿದ್ದಾನೆ. ಪಾಟಿನ ಲೆಕ್ಕ ಅವನಿಗೆ ಬಂದಿದೆ. ಮೂವರು ಬೇರೆ ಬೇರೆ ಮೊತ್ತಕ್ಕೆ ಆಲ್-ಇನ್ ಆದಾಗ, ಅಂದರೆ ತಮ್ಮಲ್ಲಿದ್ದ ಚಿಪ್ಸೆಲ್ಲ ಪಣಕ್ಕಿಟ್ಟಾಗ, ಪಾಟನ್ನು ಭಾಗ ಮಾಡುವುದನ್ನು ಮುಂದಿನ ವಾರದಿಂದ ಹೇಳಿಕೊಡುತ್ತೇನೆ.