ಅಣ್ಣನ ಜಾಗವೋ, ಅಣ್ಣಂದಿರ ಜಾಗವೋ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ನನ್ನ ಬಳಿಗೆ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಸಂಜೆ ಅರ್ಜಿಯೊಂದನ್ನು ಹಿಡಿದುಕೊಂಡು ಬಂದ. ಅದರಲ್ಲಿ ‘ಮೈ ಬ್ರದರ್ಸ್ ಲ್ಯಾಂಡ್’ ಎಂದು ಬರೆದಿದ್ದ. ಇಂಗ್ಲಿಷಿನಲ್ಲಿ ‘ಯಾರದ್ದು’ ಎಂದು ತೋರಿಸಲು ಅಕ್ಷರದ ಮೇಲ್ಬದಿಯಲ್ಲಿ ಹಾಕುವ ಸಣ್ಣ ಚಿಹ್ನೆ, ಅಂದರೆ ಅಪಾಸ್ಟ್ರಫಿ, ಎಲ್ಲಿಯೂ ಇರಲಿಲ್ಲ. “ಟೀಚರೇ, ಜಾಗ ಒಬ್ಬ ಅಣ್ಣನದ್ದೋ, ಎಲ್ಲ ಅಣ್ಣಂದಿರದ್ದೋ ಎಂದು ಕೇಳಿ ಕಚೇರಿಯವರು ಹಿಂದೆ ಕೊಟ್ಟರು” ಎಂದ. ಹತ್ತನೆಯ ತರಗತಿಯವರೆಗೆ ಅವನಿಗೆ ಇಂಗ್ಲಿಷ್ ಕಲಿಸಿದವಳು ನಾನೇ ಆಗಿದ್ದುದರಿಂದ ಆ ಮಾತು ನನಗೆ ನಾಟಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರು ಮಲಯಾಳದಲ್ಲಿ ಬರೆಯಲು ತೊಡಕಾದಾಗ ಎಷ್ಟೋ ಸಲ ಇಂಗ್ಲಿಷಿನ ಮೊರೆಹೋಗುತ್ತಾರೆ. ಹಾಗಾಗಿ ದಿನಬಳಕೆಯ ಇಂಗ್ಲಿಷ್ ಹದಗೆಟ್ಟರೆ ನಮ್ಮವರ ಕೆಲಸವೇ ಕೆಡುತ್ತದೆ. ಎಲ್ಲರೂ ಮೊಬೈಲನ್ನು ದೂರುತ್ತಾರೆ. ನನಗೆ ಕಂಡ ಕಾರಣ ಬೇರೆ: ನಾವು ಇಂಗ್ಲಿಷ್ ವ್ಯಾಕರಣವನ್ನು ಕನ್ನಡ ವ್ಯಾಕರಣದಿಂದ ಕಡಿದು ಕಲಿಸುತ್ತಿದ್ದೇವೆ.

ಮರುವಾರವೇ ನಾನು ಕಪ್ಪುಹಲಗೆಯ ಒಂದು ಬದಿಯಲ್ಲಿ ‘ಅಣ್ಣನ’, ಇನ್ನೊಂದು ಬದಿಯಲ್ಲಿ ‘ಅಣ್ಣಂದಿರ’ ಎಂದು ಬರೆದೆ. ಷಷ್ಠೀ ವಿಭಕ್ತಿ ಮಕ್ಕಳಿಗೆ ಗೊತ್ತಿತ್ತು. ಕನ್ನಡದಲ್ಲಿ ಏಕವಚನ, ಬಹುವಚನಗಳು ಕಿವಿಗೇ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಎರಡರ ಉಚ್ಚಾರವೂ ಒಂದೇ ಆಗಿರುವುದರಿಂದ ಕಣ್ಣಿಗೆ ಕಾಣುವ ಆ ಸಣ್ಣ ಚಿಹ್ನೆ ಮಾತ್ರ ವ್ಯತ್ಯಾಸವನ್ನು ಹೊತ್ತಿರುತ್ತದೆ. ಒಬ್ಬನಾದರೆ ‘ಎಸ್’ ಅಕ್ಷರಕ್ಕೆ ಮೊದಲು, ಹಲವರಾದರೆ ಅದರ ನಂತರ. ಬಳಿಕ ಲೋಪಸಂಧಿಗೆ ಬಂದೆ. ‘ಊರು’, ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಸ್ವರವೊಂದು ಲೋಪವಾಗುತ್ತದೆ. ‘ಇಟ್ ಈಸ್’ ಎಂಬುದು ‘ಇಟ್ಸ್’ ಆದಾಗಲೂ ಸ್ವರವೊಂದು ಉದುರುತ್ತದೆ, ಉದುರಿದ ಜಾಗದಲ್ಲಿ ಇಂಗ್ಲಿಷಿನವರು ಗುರುತು ಇಡುತ್ತಾರೆ. ‘ಅದರ’ ಎಂಬ ಅರ್ಥದ ‘ಇಟ್ಸ್’ ಸರ್ವನಾಮದ ಷಷ್ಠೀರೂಪ. ಅಲ್ಲಿ ಲೋಪವಿಲ್ಲ, ಗುರುತೂ ಇಲ್ಲ. ‘ಅದರ’ ಎಂದು ಹೇಳಿ ನೋಡಿ, ಅರ್ಥ ಕೂಡಿದರೆ ಚಿಹ್ನೆ ಬೇಡ ಎಂದೆ. ವರ್ಷಗಟ್ಟಲೆ ಕೆಂಪು ಶಾಯಿಯಲ್ಲಿ ತಿದ್ದಿದರೂ ಹೋಗದ ತಪ್ಪು ಆ ತಿಂಗಳಲ್ಲೇ ಬಹುಮಟ್ಟಿಗೆ ಇಳಿಯಿತು.

ಅಲ್ಪವಿರಾಮ ಹೆಚ್ಚು ಕಷ್ಟದ್ದಾಗಿತ್ತು. “ಜ್ವರ ಬಂದು, ಆಸ್ಪತ್ರೆಗೆ ಹೋಗಿ, ಮದ್ದು ತೆಗೆದುಕೊಂಡು ಮನೆಯಲ್ಲೇ ಉಳಿದೆ” ಎಂಬಲ್ಲಿ ‘ಬಂದು’, ‘ಹೋಗಿ’ ಮುಂತಾದ ಅಪೂರ್ಣ ಕ್ರಿಯಾಪದಗಳೆಲ್ಲ ಕೊನೆಯ ‘ಉಳಿದೆ’ಗಾಗಿ ಕಾಯುತ್ತಿರುತ್ತವೆ. ಇದೇ ಓಟದಲ್ಲಿ ಇಂಗ್ಲಿಷ್ ಬರೆಯುವ ಮಗು ‘ಐ ಹ್ಯಾಡ್ ಫೀವರ್, ಐ ವೆಂಟ್ ಟು ಹಾಸ್ಪಿಟಲ್, ಐ ಟುಕ್ ಮೆಡಿಸಿನ್’ ಎಂದು ಪೂರ್ಣ ವಾಕ್ಯಗಳನ್ನೇ ಅಲ್ಪವಿರಾಮದಿಂದ ಪೋಣಿಸಿಬಿಡುತ್ತದೆ. ಇದು ಅಸಡ್ಡೆಯಲ್ಲ, ಕನ್ನಡದ ಲಯ. ಪೂರ್ಣ ಕ್ರಿಯಾಪದ ಬಂದಲ್ಲೆಲ್ಲ ಅಡಿಗೆರೆ ಎಳೆಯಿರಿ, ಎರಡು ಗೆರೆಗಳ ನಡುವೆ ಪೂರ್ಣವಿರಾಮವನ್ನೋ ‘ಆಂಡ್’ ಎಂಬ ಜೋಡಣೆಯನ್ನೋ ಹಾಕಿರಿ ಎಂದು ಹೇಳಿಕೊಟ್ಟೆ. ಕೆಲವರಿಗೆ ಇದು ಇಂದಿಗೂ ಪೂರ್ತಿ ಕೈಗೆ ಬಂದಿಲ್ಲ.

ಇಷ್ಟು ಸಣ್ಣ ಚುಕ್ಕೆಗೆ ಇಷ್ಟು ಹಟವೇಕೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ನಾನು ಅಮೆರಿಕದ ಮೈನ್ ರಾಜ್ಯದ ಮೊಕದ್ದಮೆಯನ್ನು ಹೇಳಿದೆ. ಹೆಚ್ಚುವರಿ ದುಡಿಮೆಯ ವೇತನಕ್ಕೆ ಒಳಪಡದ ಕೆಲಸಗಳನ್ನು ಪಟ್ಟಿಮಾಡಿದ ಅಲ್ಲಿನ ಕಾನೂನಿನಲ್ಲಿ ಒಂದು ಅಲ್ಪವಿರಾಮ ಇಲ್ಲದ್ದರಿಂದ ಅರ್ಥ ಸಂದಿಗ್ಧವಾಯಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವೇತನ ಕೇಳಿದ್ದ ಹಾಲಿನ ಲಾರಿ ಚಾಲಕರ ಪರ ನಿಂತಿತು, ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಆ ಸಂಜೆ ನಮ್ಮ ಹುಡುಗನನ್ನು ಜಗಲಿಯಲ್ಲಿ ಕುಳ್ಳಿರಿಸಿ ಅರ್ಜಿಯನ್ನು ಮೊದಲು ಕನ್ನಡದಲ್ಲಿ ಬರೆಯಿಸಿದ್ದೆ. ‘ಅಣ್ಣಂದಿರ’ ಎಂದು ಬರೆದವನೇ ಪೆನ್ನು ನಿಲ್ಲಿಸಿ, “ಮೂವರಿದ್ದಾರಲ್ಲ ಟೀಚರೇ, ಹಾಗಾದರೆ ಎಸ್ ಆದ ಮೇಲೆ” ಎಂದಿದ್ದ.