ಕೀಸುವ ಮುಂಚೆ ಕೀಲು ನೋಡಿ: ಜಗ್ಗಿದ ಬಾಗಿಲು ಸರಿ ಮಾಡುವುದು

ನಮ್ಮದು ಸಾಗರದ ಕಡೆಯ ಹಳೇ ಮನೆ. ಹಿತ್ತಿಲ ಬಾಗಿಲು ಹಲಸಿನ ಮರದ್ದು, ತುಂಬಾ ಭಾರ. ಎರಡು ವರ್ಷದಿಂದ ಅದು ಹೊಸ್ತಿಲಿಗೆ ಉಜ್ಜುತ್ತಿತ್ತು. ರಾತ್ರಿ ಚಿಲಕ ಹಾಕಬೇಕೆಂದರೆ ಅತ್ತೆ ಹಿಡಿಕೆ ಹಿಡಿದು ಬಾಗಿಲನ್ನು ಮೇಲಕ್ಕೆತ್ತಿ, ಭುಜ ಕೊಟ್ಟು ನೂಕಬೇಕಿತ್ತು. ಅವರಿಗೆ 78 ವರ್ಷ. ನೋಡಲಾಗದೆ ಕಳೆದ ಮಳೆಗಾಲದಲ್ಲಿ ನಾನೇ ಸ್ಕ್ರೂ ಡ್ರೈವರ್ ಹಿಡಿದೆ.

ಇಂಥ ಬಾಗಿಲು ಕಂಡ ಕೂಡಲೇ ಎಲ್ಲರೂ ಹೇಳುವುದು, ತಾಗುವ ಕಡೆ ಕೀಸಿಬಿಡಿ ಅಂತ. ದಯವಿಟ್ಟು ಅವಸರದಲ್ಲಿ ಕೀಸಬೇಡಿ. ನಮ್ಮ ದೇವರ ಕೋಣೆ ಬಾಗಿಲನ್ನು ಹಿಂದೊಮ್ಮೆ ಆಷಾಢದಲ್ಲಿ ಕೀಸಿಸಿದ್ದೆವು. ಬೇಸಿಗೆಯಲ್ಲಿ ಮರ ಒಣಗಿ ಬೆರಳು ತೂರುವಷ್ಟು ಸಂದು ಬಿತ್ತು. ಕೀಸಿದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ ಅಲ್ವಾ?

ಮೊದಲು ಎಲ್ಲಿ ತಾಗುತ್ತಿದೆ ನೋಡಿ. ದಾರಂದದ ಒಳ ಅಂಚಿಗೆ ಸೀಮೆಸುಣ್ಣ ಉಜ್ಜಿ, ಬಾಗಿಲು ಹಾಕಿ ತೆಗೆಯಿರಿ. ಬಾಗಿಲಿಗೆ ಸುಣ್ಣ ಎಲ್ಲಿ ಹತ್ತಿದೆಯೋ ಅಲ್ಲೇ ತಾಗುತ್ತಿದೆ. ಚಿಲಕದ ಕಡೆಯ ಅಂಚು ಮೇಲಿಂದ ಕೆಳಗಿನವರೆಗೂ ಬಿಗಿಯಾಗಿದ್ದರೆ ಅದು ಮಳೆಯ ತೇವಕ್ಕೆ ಮರ ಉಬ್ಬಿದ್ದು. ಹಲಗೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ತೀರಾ ಕಡಿಮೆ. ಅದಕ್ಕೆ ಸದ್ಯಕ್ಕೆ ಮೇಣದ ಬತ್ತಿ ಉಜ್ಜಿ, ಬೇಸಿಗೆಯವರೆಗೆ ಕಾಯಿರಿ.

ಚಿಲಕದ ಕಡೆಯ ಮೇಲಿನ ಮೂಲೆ ಮಾತ್ರ ದಾರಂದಕ್ಕೆ ತಾಗಿ, ಕೆಳಗಿನ ಮೂಲೆ ಹೊಸ್ತಿಲಿಗೆ ಉಜ್ಜುತ್ತಿದ್ದರೆ ಬಾಗಿಲು ಜಗ್ಗಿದೆ ಎಂದರ್ಥ. ಬಾಗಿಲನ್ನು ಅರ್ಧ ತೆರೆದು ಹಿಡಿಕೆ ಹಿಡಿದು ಮೇಲಕ್ಕೆತ್ತಿ. ಕಣ್ಣು ಮೇಲಿನ ಕೀಲಿನ ಮೇಲಿರಲಿ. ಬಾಗಿಲಿನ ಭಾರ ಹೊರಕ್ಕೆ ಎಳೆಯುವುದು ಆ ಕೀಲನ್ನೇ. ಕೀಲಿನ ತಗಡು ದಾರಂದದಿಂದ ಅಲ್ಲಾಡಿದರೆ ಸ್ಕ್ರೂ ಸಡಿಲವಾಗಿದೆ. ತಗಡು ಗಟ್ಟಿಯಾಗಿದ್ದು ನಡುವಿನ ಕಡ್ಡಿ ಲೊಡಲೊಡ ಎಂದರೆ ಕೀಲೇ ಸವೆದಿದೆ, ಹೊಸದು ತರಬೇಕು.

ನಮ್ಮಲ್ಲಿ ಸ್ಕ್ರೂ ತಿರುಗಿಸಿದರೆ ಸುಮ್ನೆ ಸುತ್ತುತ್ತಿತ್ತು, ಬಿಗಿಯಾಗುತ್ತಲೇ ಇರಲಿಲ್ಲ. ಒಂದಿಂಚಿನ ಕಬ್ಬಿಣದ ಸ್ಕ್ರೂ ತುಕ್ಕು ಹಿಡಿದು, ತೂತು ದೊಡ್ಡದಾಗಿತ್ತು. ಹೀಗಾಗಿದ್ದರೆ ತೂತು ತುಂಬಿಸಲೇಬೇಕು.

ಬಾಗಿಲಿನ ಹೊರ ಮೂಲೆಯ ಕೆಳಗೆ ಮರದ ಬೆಣೆ ತೂರಿಸಿ, ಕೀಲು ತನ್ನ ಜಾಗಕ್ಕೆ ಬರುವಷ್ಟು ಎತ್ತಿ ನಿಲ್ಲಿಸಿ. ಜೊತೆಗೆ ಒಬ್ಬರು ಹಿಡಿದುಕೊಳ್ಳಲಿ, ಭಾರದ ಬಾಗಿಲು ವಾಲಿದರೆ ಅಪಾಯ. ಮೇಲಿನ ಕೀಲಿನ ದಾರಂದದ ಕಡೆಯ ಸ್ಕ್ರೂಗಳನ್ನು ಮಾತ್ರ ಬಿಚ್ಚಿ. ಕೆಳಗಿನ ಕೀಲು ಮುಟ್ಟಬೇಡಿ. ಬಿದಿರಿನ ಕಡ್ಡಿಯನ್ನು ಸಣ್ಣಗೆ ಸೀಳಿ, ಫೆವಿಕಾಲ್‌ನಲ್ಲಿ ಅದ್ದಿ, ತೂತಿಗೆ ಬಿಗಿಯಾಗಿ ಬಡಿಯಿರಿ. ಮೇಲೆ ಉಳಿದದ್ದನ್ನು ಮರದ ಸಮಕ್ಕೆ ಕತ್ತರಿಸಿ. ಬಿದಿರು ಇಲ್ಲದಿದ್ದರೆ ಮದ್ದು ಕೆರೆದ ಬೆಂಕಿಕಡ್ಡಿಯೂ ಆದೀತು. ಒಂದು ರಾತ್ರಿ ಒಣಗಲಿ, ಮಳೆಗಾಲದಲ್ಲಿ ಇಡೀ ದಿನ ಬಿಡುವುದು ಒಳ್ಳೆಯದು. ಅಲ್ಲಿಯವರೆಗೆ ಬೆಣೆ ತೆಗೆಯಬೇಡಿ.

ಆಮೇಲೆ ಸಣ್ಣ ಬಿಟ್‌ನಿಂದ ತೂತು ಕೊರೆದು ಎರಡಿಂಚಿನ ಸ್ಟೀಲ್ ಸ್ಕ್ರೂ ಹಾಕಿ. ದಪ್ಪ ಮೊದಲಿನಷ್ಟೇ ಇರಲಿ. ತಲೆ ದಪ್ಪವಾದರೆ ತಗಡಿನ ಗುಂಡಿಯಲ್ಲಿ ಕೂರದೆ ಎದುರಿನ ತಗಡಿಗೆ ಬಡಿಯುತ್ತದೆ, ಬಾಗಿಲು ಪುಟಿದು ಹಿಂದಕ್ಕೆ ಬರುತ್ತದೆ. ಸ್ಕ್ರೂವಿಗೆ ಸ್ವಲ್ಪ ಸಾಬೂನು ಸವರಿದರೆ ಹಳೇ ಗಟ್ಟಿ ಮರದಲ್ಲೂ ಸಲೀಸಾಗಿ ಇಳಿಯುತ್ತದೆ. ಕೊನೆಯ ಎರಡು ಸುತ್ತು ಕೈಯಲ್ಲೇ ತಿರುಗಿಸಿ. ಡ್ರಿಲ್ ಮೆಷಿನ್ ಜೋರಾಗಿ ಒತ್ತಿದರೆ ಹೊಸ ತೂತೂ ಕೆಡುತ್ತದೆ.

ಇಷ್ಟಾದ ಮೇಲೂ ಮೇಲಿನ ಮೂಲೆ ಕೂದಲೆಳೆಯಷ್ಟು ತಾಗುತ್ತಿದ್ದರೆ, ಕೆಳಗಿನ ಕೀಲು ಸಡಿಲಿಸಿ ಅದರ ತಗಡಿನ ಹಿಂದೆ ಒಂದು ತುಂಡು ಗಟ್ಟಿ ರಟ್ಟು ಇಡಿ. ಬಾಗಿಲಿನ ಬುಡ ಚಿಲಕದ ಕಡೆಗೆ ಸರಿಯುತ್ತದೆ, ಹೊರ ಅಂಚು ಮೇಲಕ್ಕೇಳುತ್ತದೆ. ನಾನು ಮದುವೆ ಕರೆಯೋಲೆಯ ರಟ್ಟು ಇಟ್ಟೆ, ಒಂದೇ ಪದರ ಸಾಕಾಯಿತು.

ಇನ್ನೊಂದು ಕೆಲಸ ಉಳಿಯಿತು. ಬಾಗಿಲು ಜಗ್ಗಿದಾಗ ಯಾರೋ ಚಿಲಕದ ತೂತನ್ನು ಕೆಳಕ್ಕೆ ಅಗಲ ಮಾಡಿದ್ದರು. ಈಗ ಬಾಗಿಲು ಮೇಲೆದ್ದಿದ್ದರಿಂದ ಚಿಲಕ ತೂತಿನ ಮೇಲಂಚಿಗೆ ಬಡಿಯಿತು. ಅರದಿಂದ ಮೇಲಂಚನ್ನು ಸ್ವಲ್ಪ ತೀಡಿದೆ. ಅತ್ತೆ ಅವತ್ತು ರಾತ್ರಿ ಒಂದು ಕೈಯಲ್ಲಿ ಚೊಂಬು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಚಿಲಕ ಹಾಕಿ ಬಂದರು.