37ನೇ ಫ್ರೇಮಿನಲ್ಲಿದ್ದ ಚೆಂಡೆಯವರು

ಹೋದ ವರ್ಷ ಜೂನ್‌ನಲ್ಲಿ, ಜೋರು ಮಳೆಯ ದಿನ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವ ನನ್ನ ಸ್ಟುಡಿಯೋಕ್ಕೆ ಒಬ್ಬ ಹುಡುಗ ಬಂದ. ಹುಡುಗ ಅಂದರೆ ನನ್ನ ಲೆಕ್ಕದಲ್ಲಿ, ಅವನಿಗೂ ನಲವತ್ತು ಆಗಿರಬಹುದು. ಕೊಡೆಯನ್ನು ಬಾಗಿಲ ಹೊರಗೆ ಇಟ್ಟು ಮೊಬೈಲ್ ತೋರಿಸಿದ. "ಅಣ್ಣಾ, ಇದರಿಂದ ಅಪ್ಪನನ್ನು ಮಾತ್ರ ತೆಗೆದು ದೊಡ್ಡದು ಮಾಡ್ಲಿಕ್ಕೆ ಆಗ್ತದಾ? ಬೊಜ್ಜಕ್ಕೆ ಇನ್ನು ಆರು ದಿನ ಉಂಟು." ಬೊಜ್ಜ ಅಂದರೆ ನಮ್ಮ ಕಡೆ ಉತ್ತರಕ್ರಿಯೆ.

ಅದೊಂದು ಮದುವೆಯ ಗ್ರೂಪ್ ಫೋಟೋ. ವಾಟ್ಸಪ್ಪಿನಲ್ಲಿ ಎಷ್ಟು ಕೈ ದಾಟಿ ಬಂದಿತ್ತೋ. ಹಿಂದಿನ ಸಾಲಿನ ಮೂಲೆಯಲ್ಲಿ ಅವನ ಅಪ್ಪ. ಕಂಪ್ಯೂಟರಿಗೆ ಹಾಕಿ ಮುಖವನ್ನು ಅಳೆದು ನೋಡಿದೆ. ಅಗಲಕ್ಕೆ 70 ಚುಕ್ಕಿ (ಪಿಕ್ಸೆಲ್), ಉದ್ದಕ್ಕೆ 90. ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ 1975ರಲ್ಲಿ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾದ ಚಿತ್ರದಲ್ಲೂ 10,000 ಚುಕ್ಕಿ ಇತ್ತು. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ಅದಕ್ಕೆ 23 ಸೆಕೆಂಡ್ ಬೇಕಿತ್ತಂತೆ. ನನ್ನ ಮುಂದಿದ್ದ ಮುಖದಲ್ಲಿ ಅಷ್ಟೂ ಚುಕ್ಕಿ ಇರಲಿಲ್ಲ.

ಮನೆಯಲ್ಲಿ ಮೂರು ಸ್ಮಾರ್ಟ್‌ಫೋನ್ ಇದೆ, ಮೊಮ್ಮಕ್ಕಳ ಫೋಟೋ ಸಾವಿರಗಟ್ಟಲೆ ಇದೆ, ಅಪ್ಪನದ್ದು ಮಾತ್ರ ಇಲ್ಲ. ಇದು ನನಗೆ ಹೊಸತಲ್ಲ. ತಿಂಗಳಿಗೆ ಒಬ್ಬರಾದರೂ ಹೀಗೆ ಬರುತ್ತಾರೆ.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಫೋಟೋ ಹಾಕಿದರೆ ದೊಡ್ಡದು ಮಾಡಿಕೊಡುವ ಎಐ ಸಾಫ್ಟ್‌ವೇರ್ ಈಗ ಬೇಕಾದಷ್ಟಿವೆ. ಒಂದಕ್ಕೆ ಹಾಕಿದೆ. ಅರ್ಧ ನಿಮಿಷದಲ್ಲಿ ಮುಖ ಬಂತು. ರೆಪ್ಪೆಯ ಒಂದೊಂದು ಕೂದಲೂ ಎಣಿಸಬಹುದು. ಖುಷಿಯಲ್ಲಿ 12x15 ಇಂಚಿನ ಪ್ರಿಂಟ್ ಹಾಕಿದೆ, ಫ್ರೇಮನ್ನೂ ಕಟ್ಟಿಸಿದೆ. ಮರುದಿನ ಹುಡುಗ ತಾಯಿಯನ್ನು ಕರೆದುಕೊಂಡು ಬಂದ. ಅವರು ಕನ್ನಡಕ ಹಾಕಿ ನೋಡಿದರು. ಮತ್ತೆ ಕನ್ನಡಕ ತೆಗೆದು ನೋಡಿದರು.

"ಚಂದ ಉಂಟು. ಆದರೆ ಇವರಲ್ಲ."

ಅವರ ಗಂಡನ ಎಡಗಣ್ಣಿನ ರೆಪ್ಪೆ ಚಿಕ್ಕಂದಿನಿಂದಲೇ ಸ್ವಲ್ಪ ಇಳಿದಿತ್ತಂತೆ. ಎಲೆ ಅಡಿಕೆ ಜಗಿದು ಹಲ್ಲು ಕೆಂಪಾಗಿತ್ತು. ಸಾಫ್ಟ್‌ವೇರ್ ಎರಡು ಕಣ್ಣನ್ನೂ ಸಮ ಮಾಡಿತ್ತು, ಹಲ್ಲನ್ನು ಬೆಳ್ಳಗೆ ಮಾಡಿತ್ತು. ಪಾಪ, ಅದರ ತಪ್ಪೂ ಅಲ್ಲ. 70 ಚುಕ್ಕಿಯಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ಬೇರೆ ಸಾವಿರಾರು ಮುಖಗಳನ್ನು ನೋಡಿ ಕಲಿತದ್ದನ್ನು ಇಲ್ಲಿ ತುಂಬಿಸುತ್ತದೆ.

ಹಾಗಂತ ನಾವೇನು ಸಾಚಾಗಳಾ? ನಾನು ಕೆಲಸ ಕಲಿತ ಸ್ಟುಡಿಯೋದಲ್ಲಿ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಂಪನಿಯ 'ಇಂದು' ಫಿಲ್ಮ್ ಬಳಸುತ್ತಿದ್ದೆವು. ಫಿಲ್ಮನ್ನು ವಾಷ್ ಮಾಡಿ, ಅಂದರೆ ಡೆವಲಪ್ ಮಾಡಿ, ಒಣಗಿಸಿದ ಮೇಲೆ ನಮ್ಮ ಗುರುಗಳು ನೆಗೆಟಿವ್ ಹಿಡಿದು ಕೂರುತ್ತಿದ್ದರು. ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಮೊಡವೆ, ಸುಕ್ಕು ಎಲ್ಲ ಮುಚ್ಚುತ್ತಿದ್ದರು. ಅದಕ್ಕೆ ಟಚಿಂಗ್ ಅನ್ನುತ್ತಿದ್ದೆವು. ಮದುವೆಗೆ ಗಂಡು ತೋರಿಸುವ ಫೋಟೋ ಆದರೆ ಎರಡು ರೂಪಾಯಿ ಜಾಸ್ತಿ. ಆದರೆ ಚರ್ಮದ ಮೇಲೆ ಮಾತ್ರ ಅವರ ಪೆನ್ಸಿಲ್ ಓಡುತ್ತಿತ್ತು. ಕಣ್ಣಿಗೆ ಕೈ ಹಾಕಿದ್ದನ್ನು ನಾನು ನೋಡಲಿಲ್ಲ.

ತಾಯಿಯ ಹತ್ತಿರ ಸುಮ್ನೆ ಮಾತಾಡುತ್ತ ಇರುವಾಗ ಗೊತ್ತಾಯಿತು, ಅವರ ಗಂಡ ಹಿಂದೆ ಊರಿನ ಯಕ್ಷಗಾನ ಬಯಲಾಟಗಳಲ್ಲಿ ಚೆಂಡೆ ಬಾರಿಸುತ್ತಿದ್ದರು ಎಂದು. ನನಗೆ ತಲೆಯಲ್ಲಿ ಏನೋ ಹೊಳೆಯಿತು. ಅವರನ್ನು ಕೂರಿಸಿ ಒಳಗೆ ಹೋದೆ.

ಒಳಗೆ ನನ್ನ ಹಳೇ ಡಾರ್ಕ್ ರೂಮ್. ಈಗ ಅಲ್ಲಿರುವುದು ಒಂದು ಕಬ್ಬಿಣದ ಕಪಾಟು, ಅದರಲ್ಲಿ ಬಿಸ್ಕತ್ ಡಬ್ಬಗಳು, ಡಬ್ಬಗಳಲ್ಲಿ ನೆಗೆಟಿವ್. ಮಳೆಗಾಲದಲ್ಲಿ ಕಪಾಟಿನ ತಳದಲ್ಲಿ 40 ವ್ಯಾಟಿನ ಬಲ್ಬ್ ಉರಿಯುತ್ತಲೇ ಇರಬೇಕು. ಇಲ್ಲದಿದ್ದರೆ ನಮ್ಮ ಹವೆಗೆ ಬೂಷ್ಟು (ಶಿಲೀಂಧ್ರ) ಹಿಡಿಯುತ್ತದೆ. ಪ್ರತಿ ರೋಲಿಗೂ ನಂಬರ್ ಹಾಕಿ, ದಿನ, ಜಾಗವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನನ್ನ ಜೀವನದಲ್ಲಿ ಶಿಸ್ತಿನಿಂದ ಮಾಡಿದ ಕೆಲಸ ಬಹುಶಃ ಇದೊಂದೇ.

1995ರ ಒಂದು ಯಕ್ಷಗಾನ ಆಟದ ರೋಲ್ ಸಿಕ್ಕಿತು. ಆಟದ ಫೋಟೋಕ್ಕೆ ನಾನು ಕಪ್ಪು-ಬಿಳುಪು ಫಿಲ್ಮನ್ನೇ ಹಾಕುತ್ತಿದ್ದೆ. ಕಲರ್ ಆದರೆ ಬಸ್ಸಿನಲ್ಲಿ ಮಂಗಳೂರಿನ ಲ್ಯಾಬಿಗೆ ಹೋಗಬೇಕು, ಇದನ್ನು ನಾನೇ ವಾಷ್ ಮಾಡಬಹುದು. 36ರ ರೋಲನ್ನು ಹುಷಾರಾಗಿ ಲೋಡ್ ಮಾಡಿದರೆ 37 ಸಿಗುತ್ತಿತ್ತು. ಆ ರಾತ್ರಿ 36 ಫ್ರೇಮೂ ಬಣ್ಣದ ವೇಷಕ್ಕೆ, ಸ್ತ್ರೀವೇಷಕ್ಕೆ, ಪುಂಡುವೇಷದ ಧಿಗಿಣಕ್ಕೆ (ಗಿರಕಿ ಹೊಡೆದು ಹಾರುವ ಕುಣಿತ) ಖರ್ಚಾಗಿದ್ದವು. ಹಿಮ್ಮೇಳಕ್ಕೆ ಫಿಲ್ಮ್ ಹಾಳು ಮಾಡುವವರು ಯಾರು? ಮಂಗಳ ಹಾಡಿ ಆಟ ಮುಗಿದಾಗ ಬೆಳಕು ಹರಿದಿತ್ತು. ಚೆಂಡೆಯವರು ಚೆಂಡೆಯನ್ನು ಪಕ್ಕದಲ್ಲಿಟ್ಟು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ರೋಲ್ ಮುಗಿದರೆ ಅವತ್ತೇ ವಾಷ್ ಮಾಡಬಹುದು ಅನ್ನುವ ಒಂದೇ ಕಾರಣಕ್ಕೆ ಅವರ ಕಡೆ ತಿರುಗಿಸಿ ಒತ್ತಿದೆ. ಅವರು ತಲೆ ಎತ್ತಿ ನಕ್ಕಿದ್ದರು. ಆ ಫ್ರೇಮಿಗೆ ಇಷ್ಟು ವರ್ಷವೂ ಪ್ರಿಂಟ್ ಹಾಕಿರಲಿಲ್ಲ.

ಈಗ ಅದನ್ನು ಡಿಜಿಟಲ್ ಮಾಡಿದ ಬಗೆ. ನನ್ನ ಹತ್ತಿರ ಫಿಲ್ಮ್ ಸ್ಕ್ಯಾನರ್ ಇಲ್ಲ. ಹಳೇ ಎನ್ಲಾರ್ಜರಿನ (ನೆಗೆಟಿವಿನಿಂದ ದೊಡ್ಡ ಪ್ರಿಂಟ್ ಹಾಕುವ ಯಂತ್ರ) ತಲೆಯನ್ನು ಬಿಚ್ಚಿ, ಅದರ ಕಂಬಕ್ಕೆ 24 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಕೆಳಮುಖ ಮಾಡಿ ಸಿಕ್ಕಿಸಿದ್ದೇನೆ, ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿ. ನೆಗೆಟಿವ್ ಮಟ್ಟಸವಾಗಿ ಕೂರಲು ಎನ್ಲಾರ್ಜರಿನ ಕ್ಯಾರಿಯರೇ ಸಾಕು. ಕೆಳಗಿನಿಂದ ಬೆಳಕು ಬರಲಿ ಎಂದು ಮೊದಲು ಮೊಬೈಲಿನ ಬಿಳಿ ಸ್ಕ್ರೀನ್ ಇಟ್ಟೆ. ಚಿತ್ರದ ತುಂಬ ಸೊಳ್ಳೆಪರದೆಯ ಹಾಗೆ ಗೆರೆ ಬಂತು, ಸ್ಕ್ರೀನಿನ ಪಿಕ್ಸೆಲ್‌ಗಳು! ಆಮೇಲೆ ಎಲ್‌ಇಡಿ ಪ್ಯಾನೆಲ್ ತಂದು, ಮೇಲೆ ಒಂದಿಂಚು ಬಿಟ್ಟು ಹಾಲು ಬಣ್ಣದ ಅಕ್ರಿಲಿಕ್ ಹಾಳೆ ಇಟ್ಟೆ. ಕ್ಯಾಮೆರಾ ಸ್ವಲ್ಪ ವಾಲಿದರೂ ಒಂದು ಮೂಲೆ ಮಸುಕಾಗುತ್ತದೆ. ಅದಕ್ಕೊಂದು ಉಪಾಯ: ನೆಗೆಟಿವ್ ಇಡುವ ಜಾಗದಲ್ಲಿ ಸಣ್ಣ ಕನ್ನಡಿ ಇಟ್ಟು ವ್ಯೂಫೈಂಡರಿನಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವಿಗೆ ಬಂದರೆ ಕ್ಯಾಮೆರಾ ನೇರ ಇದೆ ಎಂದರ್ಥ. ಕ್ಯಾಮೆರಾದ ಸೆಟ್ಟಿಂಗ್: ಐಎಸ್‌ಒ 100, ಎಫ್ 8, ರಾ ಫೈಲ್, ಎರಡು ಸೆಕೆಂಡ್ ಟೈಮರ್. ರೂಮಿನ ದೀಪ ಆರಿಸಬೇಕು. ಕಪ್ಪು-ಬಿಳುಪಾದರೆ ಕಂಪ್ಯೂಟರಿನಲ್ಲಿ ಬೆಳಕು-ನೆರಳಿನ ಕರ್ವನ್ನು ತಲೆಕೆಳಗು ಮಾಡಿದರೆ ಪಾಸಿಟಿವ್ ಬಂತು. ಕಲರ್ ನೆಗೆಟಿವಿನ ಕಿತ್ತಳೆ ಬಣ್ಣ ತೆಗೆಯುವುದು ತಲೆನೋವಿನ ಕೆಲಸ, ಅದರ ಕತೆ ಇನ್ನೊಮ್ಮೆ ಹೇಳುತ್ತೇನೆ.

ಬೂಷ್ಟು ಹಿಡಿದ ನೆಗೆಟಿವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಬೂಷ್ಟು ತಿಂದ ಜೆಲಾಟಿನ್ ನೀರಿಗೆ ಕರಗುತ್ತದೆ, ಚಿತ್ರವೇ ಬಟ್ಟೆಗೆ ಬರುತ್ತದೆ. ಒಂದು ಶಾಲಾ ವಾರ್ಷಿಕೋತ್ಸವದ ಇಡೀ ರೋಲನ್ನು ನಾನು ಹಾಗೆ ಕಳೆದುಕೊಂಡಿದ್ದೇನೆ. ಬ್ಲೋವರಿನಲ್ಲಿ ಗಾಳಿ ಹಾಕಿ ಬಿಟ್ಟುಬಿಡುವುದೇ ಕ್ಷೇಮ.

ಚೆಂಡೆಯವರ ಕೆನ್ನೆಯ ಮೇಲಿನ ಚುಕ್ಕಿಗಳನ್ನು ಮೌಸ್ ಹಿಡಿದು ಒಂದೊಂದಾಗಿ ತೆಗೆದೆ. ಎರಡು ಗಂಟೆ ಹಿಡಿಯಿತು. ಯಾವುದು ಬೂಷ್ಟಿನ ಗುರುತು, ಯಾವುದು ಚರ್ಮದ ಕಲೆ ಎಂದು ತಿಳಿಯದ ಕಡೆ ಹಾಗೇ ಬಿಟ್ಟೆ. ಗ್ರೇನ್, ಅಂದರೆ ಫಿಲ್ಮಿನ ಕಾಳು ಕಾಳು, ಜಾಸ್ತಿಯೇ ಇತ್ತು. ಎಡಗಣ್ಣಿನ ರೆಪ್ಪೆ ಇಳಿದಿತ್ತು.

ಸಂಜೆ ತಾಯಿ ಮತ್ತೆ ಬಂದರು. ಈ ಸಲ ಕನ್ನಡಕ ತೆಗೆಯಲಿಲ್ಲ. ಏನೂ ಹೇಳಲೂ ಇಲ್ಲ. ಮಗ ಹತ್ತಿರ ಹಿಡಿದು ತುಂಬ ಹೊತ್ತು ನೋಡಿ, "ಅಪ್ಪನಿಗೆ ಇದರಲ್ಲಿ ನನಗಿಂತ ಸಣ್ಣ ಪ್ರಾಯ ಅಲ್ವಾ" ಎಂದ.

ಇದನ್ನು ಕೇಳಿ ಫಿಲ್ಮೇ ಗಟ್ಟಿ, ಡಿಜಿಟಲ್ ಪೊಳ್ಳು ಅಂತ ಯಾರೂ ಅಂದುಕೊಳ್ಳಬಾರದು. ಡಿಜಿಟಲ್ ಇಲ್ಲದಿದ್ದರೆ ಆ ತೆಳು ನೆಗೆಟಿವಿನಿಂದ ಅಷ್ಟು ತೆಗೆಯಲು ನನ್ನಿಂದ ಆಗುತ್ತಿರಲಿಲ್ಲ. ನನ್ನ ಸಂಕಟ ಬೇರೆ. 2006ರಲ್ಲಿ 6 ಮೆಗಾಪಿಕ್ಸೆಲ್‌ನ ನಿಕಾನ್ ಡಿ70 ಕೊಂಡೆ, ಸೆಕೆಂಡ್ ಹ್ಯಾಂಡ್. ಮೂರು ವರ್ಷದ ಮದುವೆಗಳನ್ನೆಲ್ಲ ಸಿ.ಡಿ.ಗೆ ಬರೆದು, "ಇನ್ನು ಬೂಷ್ಟಿನ ಚಿಂತೆ ಇಲ್ಲ" ಎಂದು ಹೆಂಡತಿಯ ಹತ್ತಿರ ಜಂಬ ಕೊಚ್ಚಿದ್ದೆ. ಇವತ್ತು ಅವುಗಳಲ್ಲಿ ಅರ್ಧದಷ್ಟು ಓದುವುದಿಲ್ಲ. ಅವಳು ಆಗಾಗ ನೆನಪಿಸುತ್ತಾಳೆ. ಈಗ ಎಲ್ಲವೂ ಎರಡು ಹಾರ್ಡ್‌ಡಿಸ್ಕಿನಲ್ಲಿ, ಒಂದು ನನ್ನಲ್ಲಿ, ಇನ್ನೊಂದು ಪುತ್ತೂರಿನ ಅಕ್ಕನ ಮನೆಯಲ್ಲಿ.

ಮದುವೆಗೆ ಹೋದಾಗ ಈಗ ಅಡುಗೆಯವರು, ವಾದ್ಯದವರು, ಚಪ್ಪರದ ಕೆಲಸದವರು, ಮೂಲೆಯಲ್ಲಿ ಕೂತ ಅಜ್ಜಂದಿರು, ಇವರದ್ದೂ ಒಂದೊಂದು ಫೋಟೋ ತೆಗೆಯುತ್ತೇನೆ. ಆಲ್ಬಮ್ಮಿಗೆ ಅವು ಹೋಗುವುದಿಲ್ಲ. ಕಂಪ್ಯೂಟರಿನಲ್ಲಿ ಆ ಫೋಲ್ಡರಿಗೆ '37' ಎಂದು ಹೆಸರಿಟ್ಟಿದ್ದೇನೆ. ಏನಿದು ಎಂದು ಅಸಿಸ್ಟೆಂಟ್ ಹುಡುಗ ಕೇಳಿದ್ದ, ಹೇಳಲು ಪುರುಸೊತ್ತಾಗಿಲ್ಲ.

ಡಬ್ಬಗಳಲ್ಲಿ ಇನ್ನೂ 14 ಡಿಜಿಟಲ್ ಮಾಡಲು ಬಾಕಿ. 1992ರದ್ದನ್ನು ಮೊನ್ನೆ ತೆರೆದರೆ ವಿನೆಗರಿನ ಹುಳಿ ವಾಸನೆ. ಫಿಲ್ಮಿನ ತಳದ ಅಸಿಟೇಟ್ ಪ್ಲಾಸ್ಟಿಕ್ ಕೆಡಲು ಶುರುವಾದಾಗ ಬರುವ ವಾಸನೆ ಅದು. ಮಳೆಗಾಲಕ್ಕೆ ಮೊದಲು ಅದನ್ನು ಮುಗಿಸಬೇಕು.